ಕಡಿಮೆ ದರದ ಸೀಟು

ಗುರುವಾರ ಮಧ್ಯಾಹ್ನ ಕನ್ನಡಕದಕ್ಕ ಒಬ್ಬ ಮುದುಕರ ಕಿವಿಯ ಹಿಂದೆ ಕನ್ನಡಕದ ಕಡ್ಡಿ ಸರಿಯಾಗಿ ಕೂರುತ್ತದೆಯೇ ಎಂದು ಬಗ್ಗಿ ನೋಡುತ್ತಿದ್ದಾಗ ಫೋನು ಬಂತು. ಆ ಕನ್ನಡಕದ ಅಂಗಡಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಗಿರಾಕಿಗಳಿಗೆ, ಮಾಲೀಕರಿಗೆ, ಎದುರಿನ ಔಷಧಿ ಅಂಗಡಿಯವರಿಗೆ, ಎಲ್ಲರಿಗೂ ಅವಳು ಕನ್ನಡಕದಕ್ಕ. ಕೆಲಸದ ನಡುವೆ ಫೋನು ಎತ್ತುವ ಅಭ್ಯಾಸ ಅವಳಿಗಿರಲಿಲ್ಲ. ಆದರೆ ಕರೆ ಬಂದದ್ದು ದೂರದ ಪರದೇಶದ ಒಂದು ಹಳೆಯ ಮಹಾನಗರದಿಂದ, ಅಲ್ಲಿ ಅವಳ ಪರ ವಾದಿಸುವ ಕನ್ನಡದ ವಕೀಲೆಯಿಂದ.

"ಅಕ್ಕಾ, ಕೂತ್ಕೊಂಡಿದ್ದೀರಾ?" ಎಂದಳು ವಕೀಲೆ. "ವಿಚಾರಣೆ ಮುಂದಿನ ತಿಂಗಳು ಅಂದಿದ್ನಲ್ಲ, ಈಗ ಸೋಮವಾರಕ್ಕೇ ಹಾಕ್ಬಿಟ್ಟಿದಾರೆ."

"ಯಾವ ಸೋಮವಾರ?"

"ಬರೋ ಸೋಮವಾರ. ಬೆಳಗ್ಗೆ. ನೀವು ಖುದ್ದಾಗಿ ಬರ್ಲೇಬೇಕು. ವಿಡಿಯೋ ಪರದೆ ಮೇಲೆ ಮಾತಾಡಿಸ್ತೀವಿ ಅಂತ ಕೇಳ್ಕೊಂಡೆ, ನ್ಯಾಯಾಧೀಶರು ಒಪ್ಪಲಿಲ್ಲ. ಮಗು ಯಾರ ಹತ್ರ ಇರ್ಬೇಕು ಅಂತ ತೀರ್ಮಾನ ಆಗೋವಾಗ ಸಾಕಿದೋರು ಎದುರಿಗಿಲ್ಲ ಅಂದ್ರೆ ಹೇಗೆ ಅಂತಾರೆ."

ಕನ್ನಡಕದಕ್ಕ ಫೋನು ಇಟ್ಟಳು. ಮುದುಕರು ಕನ್ನಡಕದೊಳಗಿಂದ ದೊಡ್ಡದಾಗಿ ಕಾಣುವ ಕಣ್ಣುಗಳಿಂದ ಅವಳನ್ನೇ ನೋಡುತ್ತಿದ್ದರು. "ಏನಮ್ಮಾ, ಕೆಟ್ಟ ಸುದ್ದಿನಾ?" ಎಂದರು. "ಇಲ್ಲ ಇಲ್ಲ, ಸ್ವಲ್ಪ ದೂರ ಹೋಗ್ಬೇಕಾಗಿದೆ ಅಷ್ಟೆ" ಎಂದು ಅವಳು ಕಡ್ಡಿಯನ್ನು ಇನ್ನೊಮ್ಮೆ ಬಿಸಿಮಾಡಿ ಬಗ್ಗಿಸಿದಳು. ಬೇಕಾದದ್ದಕ್ಕಿಂತ ಹೆಚ್ಚು ಬಗ್ಗಿತು. ಮತ್ತೆ ಬಿಡಿಸಬೇಕಾಯಿತು.

ಆ ಮಗು ಪುಟ್ಟಿ, ಅವಳ ಅಕ್ಕನ ಮಗಳು. ಹೆರಿಗೆಯಾದ ಕೆಲವೇ ವಾರಕ್ಕೆ ಅಕ್ಕ ತೀರಿಕೊಂಡಾಗ ಮಗುವಿಗಿನ್ನೂ ಕತ್ತು ನಿಂತಿರಲಿಲ್ಲ. ಭಾವ ಹುಚ್ಚು ಹಿಡಿದವನಂತೆ ಒಂದಷ್ಟು ದಿನ ಮನೆಯಲ್ಲೇ ಸುತ್ತಾಡಿ, ಆಮೇಲೆ ಆ ನಗರದಲ್ಲಿ ಟ್ರಾಮ್ ಓಡಿಸುವ ಕೆಲಸ ಸಿಕ್ಕಿತೆಂದು ಹೊರಟುಹೋದ. ಮಗು ಕನ್ನಡಕದಕ್ಕನ ಮಡಿಲಿಗೆ ಬಂತು. ಅವಳಿಗೂ ಗಂಡನಿಗೂ ಮಕ್ಕಳಿರಲಿಲ್ಲ. ಪುಟ್ಟಿ ಬಂದಮೇಲೆ ಆ ಕೊರಗು ಮರೆತೇಹೋಗಿತ್ತು. ಭಾವ ಭಾನುವಾರಗಳಲ್ಲಿ ಫೋನು ಮಾಡುತ್ತಿದ್ದ, ವರ್ಷಕ್ಕೊಮ್ಮೆ ಬಂದು ಆಟದ ಸಾಮಾನು ಸುರಿದು ಹೋಗುತ್ತಿದ್ದ. ಈ ಸಲದ ರಜೆಗೆ ಮೊದಲ ಬಾರಿ ಮಗಳನ್ನು ತನ್ನೂರಿಗೆ ಕರೆದುಕೊಂಡು ಹೋದ. ಅವಳು ವಾಪಸಾಗಬೇಕಾದ ದಿನ ಫೋನು ಮಾಡಿ, "ಅವಳು ಇಲ್ಲೇ ಇರ್ಲಿ. ನನ್ನ ಮಗಳು ತಾನೇ" ಎಂದ. ಅಷ್ಟೇ ಮಾತು. ಮರುವಾರ ಅಲ್ಲಿನ ನ್ಯಾಯಾಲಯಕ್ಕೂ ಹೋದ.

ಕನ್ನಡಕದಕ್ಕ ವೀಸಾ ಮಾಡಿಸಿಟ್ಟುಕೊಂಡಿದ್ದಳು. ಟಿಕೆಟ್ ಮಾತ್ರ ತೆಗೆದುಕೊಂಡಿರಲಿಲ್ಲ. ಪ್ರವಾಸಿಗರ ಕಾಲ ಕಳೆದರೆ ದರ ಇಳಿಯುತ್ತದೆ ಎಂದು ಎಲ್ಲರೂ ಹೇಳಿದ್ದರು, ಅವಳು ಕಾದಿದ್ದಳು. ಕೋಟೆ, ಗೋಪುರ, ವಸ್ತುಸಂಗ್ರಹಾಲಯ ಎಂದು ಲೋಕವೆಲ್ಲ ಮುಗಿಬೀಳುವ ಊರು ಅದು. ಈಗಂತೂ ಅಲ್ಲಿಗೆ ಹೋಗುವ ವಿಮಾನಗಳಲ್ಲಿ ಇರುವೆಗೂ ಜಾಗವಿರಲಿಲ್ಲ.

ಸಂಜೆ ಗಂಡಹೆಂಡತಿ ಅಡುಗೆಮನೆಯ ಮೇಜಿಗೆ ಕೂತು ಫೋನಿನಲ್ಲಿ ಹುಡುಕಿದರು. ಬೆರಳು ಒಮ್ಮೆ ಒತ್ತಿದರೆ ಒಂದು ದರ, ಇನ್ನೊಮ್ಮೆ ಒತ್ತಿದರೆ ಅದಕ್ಕಿಂತ ಹೆಚ್ಚು. ಹುಡುಕಿದಷ್ಟೂ ಏರುತ್ತಿತ್ತು, ಯಾರೋ ಆ ಕಡೆ ಕೂತು ಇವರ ಅವಸರ ನೋಡಿ ನಗುತ್ತಿರುವ ಹಾಗೆ. ಗಂಡ ಲಿಫ್ಟ್ ರಿಪೇರಿ ಮಾಡುವವನು, ಮಾತು ಕಡಿಮೆ. ಕೊನೆಗೆ ಬಾಯಿಬಿಟ್ಟ.

"ಹೋದ್ರೂ ಗೆಲ್ತೀವಾ? ಅವನು ಹೆತ್ತಪ್ಪ."

"ಗೆಲ್ಲೋ ಮಾತು ಆಮೇಲೆ. ಅಷ್ಟು ಜನರ ಮಧ್ಯೆ ಆ ಮಗು ಬಾಗಿಲ ಕಡೆ ನೋಡುತ್ತಲ್ಲ, ಆಗ ಅಲ್ಲಿ ನಾನಿರ್ಬೇಕು. ಇಲ್ದೇ ಹೋದ್ರೆ ಚಿಕ್ಕಮ್ಮ ನನ್ನ ಬೇಡ ಅಂದ್ಬಿಟ್ಳು ಅಂತ ಜೀವನಪೂರ್ತಿ ಅಂದ್ಕೊಳ್ಳುತ್ತೆ."

ಗಂಡ ಫೋನನ್ನು ಕೆಳಗಿಟ್ಟ. "ನಾಳೆ ಅಂಗಡಿಗೆ ರಜೆ ಹಾಕು. ಟಿಕೆಟ್‌ನೋರ ಹತ್ರಾನೇ ಹೋಗು. ಇದು ನಮ್ಮ ಕೈಲಿ ಆಗೋ ಕೆಲಸ ಅಲ್ಲ" ಎಂದ.

ಶುಕ್ರವಾರ ಅವಳು ಒಂದಾದ ಮೇಲೊಂದು ಟಿಕೆಟ್ ಕಚೇರಿ ಹತ್ತಿಳಿದಳು. ಒಬ್ಬ ದರ ಹೇಳಿ, ಅವಳ ಮುಖ ನೋಡಿ, ಕುರ್ಚಿ ಕೊಡುವುದನ್ನೇ ಮರೆತ. ಇನ್ನೊಬ್ಬ "ಮುಂದಿನ ವಾರ ಬನ್ನಿ ಅಮ್ಮ, ಒಳ್ಳೇ ರಿಯಾಯಿತಿ ಇದೆ" ಎಂದ. ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕಾಲು ಬಿದ್ದುಹೋಗುವ ಹೊತ್ತಿಗೆ ಚಪ್ಪಲಿ ಅಂಗಡಿಯ ಮೇಲಿನ ಒಂದು ಇಕ್ಕಟ್ಟಾದ ಕೋಣೆಗೆ ಬಂದಳು. ಅಲ್ಲಿ ಕೂತಿದ್ದಾಕೆ ಎರಡು ಕಿವಿಗೂ ಒಂದೊಂದು ಫೋನು ಹಿಡಿದು ಇಬ್ಬರೊಡನೆ ಜಗಳವಾಡುತ್ತಿದ್ದಳು. ಕನ್ನಡಕದಕ್ಕನನ್ನು ಕಂಡು ಎರಡನ್ನೂ ಕೆಳಗಿಟ್ಟಳು.

"ಎಲ್ಲಿಗೆ? ... ಅಯ್ಯೋ ದೇವರೇ. ಯಾವಾಗ? ... ತಮಾಷೆ ಮಾಡ್ತಿದೀರಾ?" ಎನ್ನುತ್ತಲೇ ಅವಳ ಬೆರಳುಗಳು ಕೀಲಿಮಣೆಯ ಮೇಲೆ ಓಡಿದವು. ಪರದೆಯ ಮೇಲೆ ಪಟ್ಟಿಗಳು ಬಂದು ಹೋದವು. ಒಮ್ಮೆಲೇ ಆಕೆ ಕುರ್ಚಿಯಲ್ಲಿ ನೆಟ್ಟಗಾದಳು.

"ಬನ್ನಿ ಇಲ್ಲಿ. ಒಂದು ಪ್ರವಾಸದ ಗುಂಪಿನೋರು ಈಗ ತಾನೇ ಬಿಟ್ಟ ಸೀಟು. ಅರ್ಧಕ್ಕಿಂತ ಕಮ್ಮಿಗೆ ಬಿದ್ದಿದೆ. ನಾಳೆ ಹೊರಡೋದು, ಮಧ್ಯೆ ಒಂದು ಕಡೆ ವಿಮಾನ ಬದಲಾಯಿಸ್ಬೇಕು, ಭಾನುವಾರ ಮಧ್ಯಾಹ್ನ ಅಲ್ಲಿರ್ತೀರಿ. ಆದ್ರೆ ಮೊದಲೇ ಹೇಳ್ತೀನಿ, ಆಮೇಲೆ ನನ್ನ ಬಯ್ಯಬೇಡಿ. ದುಡ್ಡು ವಾಪಸ್ ಇಲ್ಲ. ದಿನ ಬದಲಾಯಿಸೋ ಹಾಗಿಲ್ಲ. ಮತ್ತೆ ವಿಮಾನ ತುಂಬಿ ಜನ ಹೆಚ್ಚಾದ್ರೆ, ಮೊದಲು ಇಳಿಸೋದು ಇಂಥ ಟಿಕೆಟ್‌ನೋರನ್ನೇ."

"ಇಳಿಸ್ತಾರಾ?"

"ಯಾವಾಗ್ಲೂ ಅಲ್ಲ. ಯೋಚನೆ ಮಾಡೋಕೆ ಟೈಮಿಲ್ಲ ಅಕ್ಕ, ಇನ್ನೆಷ್ಟು ಜನ ಇದನ್ನ ನೋಡ್ತಿದಾರೋ."

"ತಗೊಳ್ಳಿ" ಎಂದಳು ಕನ್ನಡಕದಕ್ಕ.

ಕಾರ್ಡು ಗಂಡನ ಹೆಸರಿನದು. ಬ್ಯಾಂಕಿನವರು ಕಳಿಸುವ ಗುಟ್ಟಿನ ಸಂಖ್ಯೆ ಅವನ ಫೋನಿಗೇ ಬರಬೇಕು. ಪರದೆಯ ಮೂಲೆಯಲ್ಲಿ ಸೀಟು ಕೈಬಿಟ್ಟುಹೋಗುವ ಗಡುವಿನ ಅಂಕಿಗಳು ಇಳಿಯತೊಡಗಿದವು. ಅವಳು ಗಂಡನಿಗೆ ಫೋನು ಮಾಡಿದಳು. ತಲುಪಲಿಲ್ಲ. ಮತ್ತೆ ಮಾಡಿದಳು. ಆಗ ಹೊಳೆಯಿತು: ಅವನು ಎಲ್ಲೋ ಲಿಫ್ಟಿನ ತಳದ ಗುಂಡಿಯೊಳಗಿದ್ದಾನೆ, ಅಲ್ಲಿ ಸಿಗ್ನಲ್ ಬರುವುದಿಲ್ಲ.

ಅವನ ಕಚೇರಿಗೆ ಮಾಡಿದಳು. ಅವರು ಒಂದು ವಿಮಾ ಕಂಪನಿಯ ಕಟ್ಟಡದ ನಂಬರು ಕೊಟ್ಟರು. ಅಲ್ಲಿನ ಸ್ವಾಗತಕಾರಿಣಿ ಮೆಲ್ಲಗೆ, ಬೆಣ್ಣೆಯಂಥ ದನಿಯಲ್ಲಿ, "ನಿಮಗೆ ಹೇಗೆ ಸಹಾಯ ಮಾಡ್ಲಿ?" ಎಂದು ಶುರುಮಾಡಿದಳು.

"ಅಮ್ಮಾ, ನಿಮ್ಮ ಲಿಫ್ಟ್ ಗುಂಡಿಲಿ ನನ್ನ ಗಂಡ ಇದಾರೆ. ಕೂಗಿ ಮೇಲೆ ಕರೀರಿ. ನಿಮ್ಮ ಕಾಲು ಹಿಡೀತೀನಿ, ಓಡಿ!"

ಆ ಹುಡುಗಿ ಏನೆಂದುಕೊಂಡಳೋ, ಬೆಣ್ಣೆಯ ದನಿ ಬಿಟ್ಟು ಓಡಿದ ಸದ್ದು ಕೇಳಿಸಿತು. ದೂರದಲ್ಲಿ ಅವಳು "ಲಿಫ್ಟಿನೋರೇ! ಲಿಫ್ಟಿನೋರೇ!" ಎಂದು ಕಿರುಚುವುದು, ಆಳದಿಂದ ಗಂಡಸಿನ ದನಿಯೊಂದು ಗುಂಯ್ ಎಂದು ಉತ್ತರ ಕೊಡುವುದು, ಕಬ್ಬಿಣದ ಏಣಿ ಕಿರ್ರೆನ್ನುವುದು, ಎಲ್ಲ ಕೇಳಿಸುತ್ತಿತ್ತು. ಅಂಕಿಗಳು ಇಳಿಯುತ್ತಲೇ ಇದ್ದವು. ಎರಡು ಫೋನಿನಾಕೆ ಉಗುರು ಕಚ್ಚತೊಡಗಿದಳು. ಕೊನೆಗೆ ಗಂಡ ಏದುಸಿರು ಬಿಡುತ್ತಾ ಸಂಖ್ಯೆ ಹೇಳಿದ. ಬರೆದರೆ ತಪ್ಪೆಂದಿತು ಪರದೆ. ಅದು ಹಳೆಯದು, ಅದರ ಅವಧಿ ಮುಗಿದಿತ್ತು. ಇನ್ನೊಂದು ಕಳಿಸಬೇಕು. ಅವನು ಫೋನನ್ನು ಕಿಟಕಿಯ ಹತ್ತಿರ ಹಿಡಿದು ನಿಂತ. ಬಂತು. ಒಂದೊಂದೇ ಅಂಕಿಯನ್ನು, ಮಗುವಿಗೆ ಮಗ್ಗಿ ಹೇಳಿಕೊಡುವವನ ಹಾಗೆ ಬಿಡಿಸಿ ಹೇಳಿದ.

ಪರದೆ ಬೆಳ್ಳಗಾಯಿತು. ಬೆಳ್ಳಗೇ ಇತ್ತು. ಆಮೇಲೆ ಹಸಿರಾಯಿತು.

"ಆಯ್ತು!" ಎಂದು ಎರಡು ಫೋನಿನಾಕೆ ಮೇಜಿಗೆ ಬಡಿದಳು. ಕನ್ನಡಕದಕ್ಕ ಅಲ್ಲಿದ್ದ ಕುರ್ಚಿಯಲ್ಲಿ ಕೂತಳು. ಫೋನಿನ ಆ ತುದಿಯಲ್ಲಿ ಗಂಡ, "ಆಯ್ತಾ? ಆಗಿದ್ರೆ ನಾನು ಕೆಳಗೆ ಹೋಗ್ಲಾ? ಲಿಫ್ಟಲ್ಲಿ ಒಬ್ರು ಸಿಕ್ಕಾಕ್ಕೊಂಡಿದಾರೆ" ಎಂದ.

ಶನಿವಾರ ಮೊದಲ ವಿಮಾನ ಹೇಗೋ ಸಾಗಿತು. ಹುಟ್ಟಿದ ಮೇಲೆ ಅವಳು ವಿಮಾನ ಹತ್ತಿದ್ದು ಅದೇ ಮೊದಲು. ಮೇಲೇರುವಾಗ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಆಮೇಲೆ ಬಿಟ್ಟಳು. ಭಯಪಡುವುದಕ್ಕೂ ಮನಸ್ಸಿನಲ್ಲಿ ಜಾಗವಿರಲಿಲ್ಲ. ನ್ಯಾಯಾಧೀಶರ ಮುಂದೆ ಏನು ಹೇಳಬೇಕೆಂಬುದನ್ನೇ ತಿರುತಿರುಗಿಸಿ ಯೋಚಿಸುತ್ತಿದ್ದಳು. ಮಗುವಿಗೆ ಹಾಲು ಕುಡಿಸಿದೆ, ಜ್ವರ ಬಂದಾಗ ಕೂತಿದ್ದೆ ಎಂದರೆ ಯಾರು ತಾನೇ ಮಾಡುವುದಿಲ್ಲ ಅದನ್ನೆಲ್ಲ? ಹೇಳಹೊರಟರೆ ಎಲ್ಲವೂ ಸಪ್ಪೆಯಾಗಿ ಕಾಣುತ್ತಿತ್ತು.

ಭಾನುವಾರ ಬೆಳಗ್ಗೆ ನಡುವಿನ ನಿಲ್ದಾಣದಲ್ಲಿ ಇಳಿದಳು. ಗಾಜು, ಬೆಳಕು, ಚಕ್ರದ ಪೆಟ್ಟಿಗೆಗಳ ಗರಗರ. ಕೇಳಿ ಕೇಳಿ ಎರಡನೆಯ ವಿಮಾನದ ದ್ವಾರಕ್ಕೆ ಬಂದಾಗ ಅಲ್ಲಿ ಜಾತ್ರೆಯಂಥ ಜನ. ಕ್ಯಾಮೆರಾ ನೇತುಹಾಕಿಕೊಂಡವರು, ಒಂದೇ ಬಣ್ಣದ ಟೋಪಿ ತೊಟ್ಟ ಗುಂಪು, ನಕ್ಷೆ ಬಿಡಿಸಿ ವಾದಿಸುವವರು. ಸಾಲಿನಲ್ಲಿ ನಿಂತು ತನ್ನ ಸರದಿ ಬಂದಾಗ ಅವಳು ಚೀಟಿ ಚಾಚಿದಳು. ಯಂತ್ರ ಕೆಂಪು ದೀಪ ತೋರಿಸಿ ಬೀಪ್ ಎಂದಿತು.

ಸಮವಸ್ತ್ರದ ಅಧಿಕಾರಿ ಪರದೆ ನೋಡಿದ. "ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ ಮೇಡಂ."

"ಯಾಕೆ?"

"ಸೀಟಿಗಿಂತ ಜನ ಜಾಸ್ತಿ ಆಗಿದಾರೆ. ನಿಮ್ಮದು ಕೊನೇ ದರ್ಜೆ ಟಿಕೆಟ್. ನಾಳೆ ಬೆಳಗ್ಗೆ ವಿಮಾನದಲ್ಲಿ ಖಂಡಿತ ಕಳಿಸ್ತೀವಿ. ಹೋಟೆಲು, ಊಟ, ಎಲ್ಲ ನಮ್ಮದೇ."

"ನಾಳೆ ಬೆಳಗ್ಗೆ ನಾನು ಅಲ್ಲಿ ನ್ಯಾಯಾಲಯದಲ್ಲಿರ್ಬೇಕು. ಮಗು ವಿಷ್ಯ."

ಅವನ ಮುಖದಲ್ಲಿ ಕೆಡುಕೇನೂ ಇರಲಿಲ್ಲ. ಬೆಳಗಿನಿಂದ ಇಂಥ ಕಥೆಗಳನ್ನು ಕೇಳಿ ಕೇಳಿ ದಣಿದ ಮುಖ ಅದು. "ನನ್ನ ಕೈಲಿಲ್ಲ ಮೇಡಂ. ಯಾರಾದ್ರೂ ತಾವಾಗೇ ಸೀಟು ಬಿಟ್ಟುಕೊಟ್ರೆ ಮಾತ್ರ. ಎರಡು ಸಲ ಮೈಕಲ್ಲಿ ಕೇಳ್ದೆ, ಯಾರೂ ಮುಂದೆ ಬರ್ಲಿಲ್ಲ."

ಅವಳು ಗೋಡೆಗೆ ಒರಗಿ ನಿಂತಳು. ಸಾಲು ಕರಗುತ್ತಿತ್ತು. ಜೀವಮಾನದಲ್ಲಿ ಅವಳು ಯಾರ ಮುಂದೂ ಕೈಚಾಚಿದವಳಲ್ಲ. ಪಕ್ಕದ ಮನೆಯಿಂದ ಸಕ್ಕರೆ ಕೇಳಿ ತರಲೂ ನಾಚುವವಳು. ಹಲ್ಲು ಕಚ್ಚಿ ಸಾಲಿನ ತುದಿಗೆ ನಡೆದಳು.

"ಒಂದು ನಿಮಿಷ ಕೇಳಿ. ನಂಗೆ ನಾಳೆ ಬೆಳಗ್ಗೆ ಅಲ್ಲಿರ್ಲೇಬೇಕು. ನಿಮ್ಮಲ್ಲಿ ಯಾರಾದ್ರೂ ಒಂದು ದಿನ ತಡವಾಗಿ ಹೋದ್ರೆ..."

ಮೊದಲಿನವನು ಕಿವಿಯಲ್ಲಿ ಹಾಡು ಹಾಕಿಕೊಂಡಿದ್ದ, ಕೇಳಿಸಲಿಲ್ಲ. ಎರಡನೆಯವಳು "ಕ್ಷಮಿಸಿ" ಎಂದು ಕಣ್ಣು ಬೇರೆಡೆಗೆ ಹೊರಳಿಸಿದಳು. ಮೂರನೆಯವರು ಪೂರ್ತಿ ಕೇಳಿ, ತಮ್ಮ ತಂಗಿಯ ಮದುವೆ ನಾಳೆಯೇ ಎಂದರು, ಅವರ ಕಣ್ಣಲ್ಲಿ ನಿಜವಾದ ಮರುಕವಿತ್ತು. ಟೋಪಿಯ ಗುಂಪಿನ ಮುಖಂಡ, "ನಮ್ಮದು ಒಟ್ಟಿಗೇ ಮಾಡಿರೋ ಟಿಕೆಟ್ ಅಮ್ಮ" ಎಂದು ಮುಂದೆ ಸರಿದ. ಪ್ರತಿ ಸಲವೂ ಅವಳ ದನಿ ಇನ್ನಷ್ಟು ಕುಗ್ಗುತ್ತಿತ್ತು. ಮುಖ ಕಾದ ಕಾವಲಿಯಾಗಿತ್ತು.

ಸಾಲಿನ ಕೊನೆಯಲ್ಲಿ ನಡುವಯಸ್ಸಿನ ದಂಪತಿಗಳು ತಗ್ಗಿದ ದನಿಯಲ್ಲಿ ಜಗಳವಾಡುತ್ತಿದ್ದರು. ಗಂಡನ ಕೈಯಲ್ಲಿ ಪ್ರವಾಸದ ವೇಳಾಪಟ್ಟಿ. ಬಣ್ಣಬಣ್ಣದ ಗೆರೆ ಎಳೆದದ್ದು.

"ಇಳಿದ ಕೂಡ್ಲೇ ಕೋಟೆ ಅಂತೀರಲ್ಲ, ನಾನು ಮನುಷ್ಯಳೋ ಕುದುರೆಯೋ?" ಎನ್ನುತ್ತಿದ್ದಳು ಹೆಂಡತಿ.

"ಕೋಟೆ ಬೇಗ ಮುಚ್ತಾರೆ. ಕೋಟೆ ಆದ್ಮೇಲೆ ಸೇತುವೆ, ಸೇತುವೆ ಆದ್ಮೇಲೆ..."

ಕನ್ನಡಕದಕ್ಕ ಅವರೆದುರು ನಿಂತಳು. ಬಾಯಿಗೆ ಬಂದದ್ದು ಇಷ್ಟೇ: "ನನ್ನ ಅಕ್ಕನ ಮಗು. ನಾನು ಸಾಕಿದ್ದು. ನಾಳೆ ನಾನು ಹೋಗ್ದೇ ಇದ್ರೆ ಅವಳನ್ನ ಅಲ್ಲೇ ಇಟ್ಕೋತಾರೆ. ನನ್ನ ಟಿಕೆಟ್ ಅಗ್ಗದ್ದು ಅಂತ ಇಳಿಸ್ಬಿಟ್ರು."

ಆ ಹೆಂಗಸು ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಮತ್ತೆ ಗಂಡನ ಕೈಯಲ್ಲಿದ್ದ ವೇಳಾಪಟ್ಟಿಯನ್ನು ನೋಡಿದಳು.

"ಹೋಟೆಲ್ ಕೊಡ್ತಾರಂತಾ?"

"ಕೊಡ್ತಾರಂತೆ. ಊಟಾನೂ."

"ಒಬ್ಬಳಿಗೇ ಒಂದು ರೂಮು?" ಎಂದವಳೇ ತನ್ನ ಚೀಲವನ್ನು ಗಂಡನ ಹೆಗಲಿಂದ ಕಿತ್ತುಕೊಂಡಳು. "ತಗೊಳ್ಳಿ ನನ್ನ ಸೀಟು. ನೀವು ಮಗು ನೋಡ್ಕೊಳ್ಳಿ, ಇವರು ಕೋಟೆ ನೋಡ್ಕೊಳ್ಳಲಿ. ನಾನು ಕಾಲು ಚಾಚಿ ಮಲಗ್ತೀನಿ. ಮದುವೆ ಆದಾಗಿಂದ ಒಂದು ದಿನ ಒಬ್ಬಳೇ ಇದ್ದವಳಲ್ಲ."

"ಏನೇ ಇದು, ಹುಚ್ಚಾ ನಿಂಗೆ?" ಎಂದು ಗಂಡ ಬಾಯಿ ತೆರೆದು ನಿಂತ. ಅವಳು ಆಗಲೇ ಅಧಿಕಾರಿಯ ಮುಂದಿದ್ದಳು. ಅಧಿಕಾರಿ ಇಬ್ಬರ ಚೀಟಿಗಳನ್ನೂ ಬದಲಾಯಿಸಿ ಕೊಡುವಷ್ಟು ಹೊತ್ತೂ ಕನ್ನಡಕದಕ್ಕ ಆ ಹೆಂಗಸಿನ ತೋಳನ್ನು ಬಿಗಿಯಾಗಿ ಹಿಡಿದುಕೊಂಡೇ ಇದ್ದಳು. ಬಿಟ್ಟರೆ ಮನಸ್ಸು ಬದಲಾಯಿಸಿಬಿಟ್ಟಾಳು ಎಂದು. "ಕೈ ಬಿಡಿ ತಾಯಿ, ನಾನೆಲ್ಲೂ ಓಡಿಹೋಗಲ್ಲ" ಎಂದು ಅವಳು ನಕ್ಕಳು.

ವಿಮಾನದಲ್ಲಿ ಆ ಗಂಡನ ಪಕ್ಕವೇ ಕೂರಬೇಕಾಯಿತು. ಅವನು ಬಹಳ ಹೊತ್ತು ಮುಖ ಊದಿಸಿಕೊಂಡಿದ್ದ. ಸಮುದ್ರದ ಮೇಲೆ ಎಲ್ಲೋ ಇರುವಾಗ ಮೆಲ್ಲನೆ ಕೇಳಿದ: "ನಾಳೆ ಬರ್ತಾಳೆ ಅಲ್ವಾ ಅವಳು?"

"ಬರ್ತಾರೆ" ಎಂದಳು ಕನ್ನಡಕದಕ್ಕ. ಪಾಪ, ಅವನಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಸೋಮವಾರ ಬೆಳಗ್ಗೆ ಟ್ಯಾಕ್ಸಿಯ ಕಿಟಕಿಯಲ್ಲಿ ಆ ಪ್ರಸಿದ್ಧ ನಗರ ಓಡಿಹೋಯಿತು. ಕಪ್ಪಾದ ಕಲ್ಲಿನ ಗೋಡೆಗಳು, ಹಸಿರು ಗುಮ್ಮಟ, ಕಂಚಿನ ಕುದುರೆ ಏರಿದ ಯಾರೋ ಒಬ್ಬ. ಅವಳು ಯಾವುದನ್ನೂ ನೋಡಲಿಲ್ಲ. ನ್ಯಾಯಾಲಯದ ಮೊಗಸಾಲೆಯ ಬೆಂಚಿನ ಮೇಲೆ ಭಾವನ ಪಕ್ಕ ಪುಟ್ಟಿ ಕೂತಿದ್ದಳು. ಕೂದಲು ಗಿಡ್ಡ ಮಾಡಿಸಿದ್ದರು. ಬಾಗಿಲು ಸದ್ದಾದಾಗ ತಲೆಯೆತ್ತಿ ನೋಡಿದಳು. ಓಡಿ ಬರಲಿಲ್ಲ. ತುಟಿ ಬಿಗಿದು, ಮತ್ತೆ ತನ್ನ ಬೂಟು ನೋಡತೊಡಗಿದಳು.

ಕನ್ನಡಕದಕ್ಕ ಬಾಗಿಲಲ್ಲೇ ನಿಂತಳು. ಇಷ್ಟು ದೂರ ಬಂದದ್ದು ಇದಕ್ಕೇನೇ?

ಒಬ್ಬ ಹೆಂಗಸು ಬಂದು ಪುಟ್ಟಿಯನ್ನು ಒಳಗೆ ಕರೆದೊಯ್ದಳು. ನ್ಯಾಯಾಧೀಶರು ಮೊದಲು ಮಗುವಿನೊಡನೆ ಮಾತ್ರ ಮಾತನಾಡುತ್ತಾರಂತೆ. ವಕೀಲೆ ಇನ್ನೂ ಬಂದಿರಲಿಲ್ಲ. ಬೆಂಚಿನ ಒಂದು ತುದಿಗೆ ಭಾವ, ಇನ್ನೊಂದು ತುದಿಗೆ ಅವಳು.

"ನೀನು ಬರಲ್ಲ ಅಂದ್ಕೊಂಡಿದ್ದೆ" ಎಂದ ಭಾವ.

"ಅವಳಿಗೂ ಹಾಗೇ ಹೇಳಿದ್ರಾ?"

ಅವನು ತಲೆ ತಗ್ಗಿಸಿದ. "ಹೇಳ್ದೆ."

ಅವಳಿಗೆ ಕೈ ಎತ್ತಿ ಬಾರಿಸಬೇಕೆನಿಸಿತು. ಅಷ್ಟರಲ್ಲಿ ಅವನೇ ಮುಂದುವರಿಸಿದ: "ಕೆಲಸದಿಂದ ಬಂದ್ರೆ ಖಾಲಿ ಮನೆ. ವರ್ಷಗಟ್ಟಲೆ ಹಾಗೇ. ಈ ರಜೇಲಿ ಅವಳು ಬೆಳಗ್ಗೆ ಎದ್ದು, ಕಣ್ಣುಜ್ಜಿಕೊಂಡು ಅಡುಗೆಮನೆಗೆ ಬಂದು ನಿಂತ್ಲು. ಥೇಟ್ ನಿಮ್ಮಕ್ಕ. ವಾಪಸ್ ಕಳಿಸೋಕೆ ನನ್ನ ಕೈಲಿ ಆಗ್ಲಿಲ್ಲ."

"ನಮ್ಮಕ್ಕನ ಮುಖ ನಂಗೆ ಗೊತ್ತಿಲ್ವಾ ಭಾವ?" ಎಂದಳು. ಬಯ್ಯಬೇಕೆಂದಿದ್ದ ಮಾತು ಅಳುವಾಗಿ ಹೊರಬಂತು. "ನಾನೂ ದಿನಾ ಬೆಳಗ್ಗೆ ಅದನ್ನೇ ನೋಡಿದ್ದು. ನೀವು ಕೇಳಿದ್ರೆ ಕೊಡ್ತಿರ್ಲಿಲ್ವಾ ಇನ್ನೊಂದಷ್ಟು ದಿನ? ಕಿತ್ಕೊಂಡ್ರಿ."

ವಕೀಲೆ ಓಡೋಡಿ ಬಂದಳು. ಒಳಗಿನಿಂದ ಕರೆ ಬಂತು.

ನ್ಯಾಯಾಧೀಶರು ವಯಸ್ಸಾದ ಹೆಂಗಸು. ಯಾರು ಹೇಗೆ ಸಾಕಿದರೆಂದು ದುಭಾಷಿಯ ಮೂಲಕ ಕೆಲವು ಪ್ರಶ್ನೆ ಕೇಳಿದರು. ಕನ್ನಡಕದಕ್ಕ ಯೋಚಿಸಿಟ್ಟಿದ್ದೆಲ್ಲ ಮರೆತು, ಪುಟ್ಟಿಗೆ ಗುಡುಗೆಂದರೆ ಭಯವಿಲ್ಲ, ಆದರೆ ಬಾಗಿಲು ಜೋರಾಗಿ ಮುಚ್ಚಿದರೆ ಬೆಚ್ಚುತ್ತಾಳೆ, ಅದಕ್ಕೇ ನಮ್ಮನೆ ಬಾಗಿಲಿಗೆಲ್ಲ ಬಟ್ಟೆ ಕಟ್ಟಿದ್ದೀವಿ ಎಂದಳು. ಹೇಳಿದ ಮೇಲೆ ಇದೆಂಥ ಮಾತಾಡಿದೆ ಎಂದು ನಾಲಿಗೆ ಕಚ್ಚಿಕೊಂಡಳು. ನ್ಯಾಯಾಧೀಶರು ಭಾವನ ಕಡೆ ತಿರುಗಿ, "ಇದು ನಿಮಗೆ ಗೊತ್ತಿತ್ತಾ?" ಎಂದರು. ಅವನು ಪ್ರಾಮಾಣಿಕ. "ಇಲ್ಲ" ಎಂದ.

ತೀರ್ಪು ಉದ್ದವಾಗಿತ್ತು, ವಕೀಲೆ ಆಮೇಲೆ ಬಿಡಿಸಿ ಹೇಳಿದಳು. ಶಾಲೆ ಮುಗಿಯುವವರೆಗೆ ಪುಟ್ಟಿ ಚಿಕ್ಕಮ್ಮನ ಮನೆಯಲ್ಲಿ, ದೊಡ್ಡ ರಜೆಗಳು ಅಪ್ಪನೊಡನೆ. ಕರೆದುಕೊಂಡು ಹೋದ ಮೇಲೆ ಹೇಳಿದ ದಿನಕ್ಕೆ ಕಳಿಸಲೇಬೇಕು. ಮಗುವಿನ ಟಿಕೆಟ್ ಖರ್ಚು ಅಪ್ಪನದೇ.

ಹೊರಗೆ ಬಂದಾಗ ಪುಟ್ಟಿ ಕಂಬಕ್ಕೆ ಒರಗಿ ನಿಂತಿದ್ದಳು. ಕನ್ನಡಕದಕ್ಕ ಹತ್ತಿರ ಹೋದಳು, ಮುಟ್ಟಲಿಲ್ಲ.

"ಯಾಕೆ ಇಷ್ಟು ತಡ ಮಾಡ್ದೆ?" ಎಂದಳು ಹುಡುಗಿ. "ದಿನಾ ಕಾಯ್ತಿದ್ದೆ. ಆಮೇಲೆ ಕಾಯೋದು ಬಿಟ್ಬಿಟ್ಟೆ."

"ತಪ್ಪಾಯ್ತು ಕಂದಾ. ಮುಂಚೇನೇ ಬರ್ಬೇಕಿತ್ತು." ಅಗ್ಗದ ಟಿಕೆಟ್ಟಿನ, ಸಾಲಿನ, ಇಳಿಸಿದವರ ಕಥೆ ಯಾವುದನ್ನೂ ಅವಳು ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಪುಟ್ಟಿಯ ತಲೆ ಮೆಲ್ಲನೆ ಬಂದು ಅವಳ ಹೊಟ್ಟೆಗೆ ಢಿಕ್ಕಿ ಹೊಡೆಯಿತು. ಹಾಗೇ ನಿಂತುಬಿಟ್ಟಿತು.

ಊರಿಗೆ ಹೊರಟ ದಿನ ವಿಮಾನ ನಿಲ್ದಾಣಕ್ಕೆ ಭಾವ ಟ್ರಾಮಿನ ಸಮವಸ್ತ್ರದಲ್ಲೇ ಬಂದಿದ್ದ. ಬಿಟ್ಟುಹೋಗುವ ಗಳಿಗೆಯಲ್ಲಿ ಪುಟ್ಟಿ ಅವನ ಸೊಂಟ ತಬ್ಬಿಕೊಂಡು ಬಿಕ್ಕಿಬಿಕ್ಕಿ ಅತ್ತಳು. ಕನ್ನಡಕದಕ್ಕ ಇದನ್ನು ನಿರೀಕ್ಷಿಸಿರಲಿಲ್ಲ. ಆದರೂ ನಾಲ್ಕು ಹೆಜ್ಜೆ ದೂರ ಸರಿದು, ಇನ್ನೂ ಹೊತ್ತಿದೆ ಎಂಬಂತೆ ಚೀಲದ ಜಿಪ್ಪು ತೆಗೆಯುತ್ತಾ ಹಾಕುತ್ತಾ ನಿಂತಳು.

ವಿಮಾನ ಮೋಡ ದಾಟಿದ ಮೇಲೂ ಹುಡುಗಿ ಕಿಟಕಿಗೆ ಮುಖ ಕೊಟ್ಟೇ ಇದ್ದಳು. ಊಟದ ತಟ್ಟೆ ಬಂದಾಗ ಪುಟ್ಟಿ ಮೂಗು ಒರೆಸಿಕೊಂಡು ಕೇಳಿದಳು:

"ಅಪ್ಪ ಈಗ ಡ್ಯೂಟಿಗೆ ಹೋಗಿರ್ತಾರಾ?"

"ಹೋಗಿರ್ತಾರೆ. ಇಳಿದ ತಕ್ಷಣ ಫೋನ್ ಮಾಡೋಣ."

"ನಾನೇ ಮಾಡ್ತೀನಿ" ಎಂದು ಪುಟ್ಟಿ ಬ್ರೆಡ್ಡಿನ ಪೊಟ್ಟಣ ಒಡೆದಳು.